ದೀಪ ಉರಿದರೆ ಸಾಲದು

(ಸಂಘದ ವಾರ್ಷಿಕ ಸಮ್ಮೇಳನದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)





ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಿದ್ದರು. ಆ ವಿಷಯದ ಬಗ್ಗೆ ಪ್ರತಿ ವರ್ಷವೂ ಇದೇ ವೇದಿಕೆಯಿಂದ ನನಗಿಂತ ಎಷ್ಟೋ ಚೆನ್ನಾಗಿ ಮಾತನಾಡಿದವರಿದ್ದಾರೆ. ನಾನು ಕೆಲಸದ ಮನುಷ್ಯ. ಆದುದರಿಂದ ಅವರ ಅನುಮತಿ ಪಡೆದು, ನಾನು ದಿನನಿತ್ಯ ಮಾಡುವ ಒಂದು ಸಣ್ಣ ಕೆಲಸದ ಬಗ್ಗೆಯೇ ಇಂದು ನಿಮ್ಮೊಂದಿಗೆ ಮಾತನಾಡುತ್ತೇನೆ. ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಬೋರ್ಡ್, ಅದಕ್ಕೊಂದು ನೆಟ್‌ವರ್ಕ್ ಕೇಬಲ್, ಆಚೆ ತುದಿಯಲ್ಲೊಂದು ಕಂಪ್ಯೂಟರ್. ಈ ಎರಡೂ ಒಂದಕ್ಕೊಂದು ಮಾತನಾಡುತ್ತಿವೆಯೇ ಎಂದು ಪರೀಕ್ಷಿಸುವುದು ಹೇಗೆ? ಇಷ್ಟೇ ವಿಷಯ. ಆದರೆ ಈ ಇಷ್ಟೇ ವಿಷಯದಲ್ಲಿ ನಾನು ಒಮ್ಮೆ ಸುಳ್ಳು ಸಾಕ್ಷಿ ನುಡಿದಿದ್ದೇನೆ. ಅದನ್ನೂ ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಈಥರ್ನೆಟ್ ಎಂಬ ಹೆಸರನ್ನು ನೀವು ಕೇಳಿದ್ದೀರಿ. ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರಿನ ಹಿಂಭಾಗಕ್ಕೆ ಚುಚ್ಚುವ, ಟೆಲಿಫೋನ್ ಪಿನ್ನಿಗಿಂತ ಸ್ವಲ್ಪ ಅಗಲವಾದ ಪಿನ್ನಿನ ತಂತಿಯಿದೆಯಲ್ಲ, ಅದರಲ್ಲಿ ನಡೆಯುವ ಸಂಭಾಷಣೆಯೇ ಈಥರ್ನೆಟ್. 1973ರ ಮೇ ತಿಂಗಳಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಎಂಬವರು ಇದರ ಕಲ್ಪನೆಯನ್ನು ಒಂದು ಟಿಪ್ಪಣಿಯಾಗಿ ಬರೆದರು. ಡೇವಿಡ್ ಬಾಗ್ಸ್ ಅವರೊಂದಿಗೆ ಸೇರಿ ಅದನ್ನು ಕಟ್ಟಿ ನಿಲ್ಲಿಸಿದರು. ಆಗ ಅದರ ವೇಗ ಸೆಕೆಂಡಿಗೆ 3 ಮೆಗಾಬಿಟ್‌ಗೂ ಸ್ವಲ್ಪ ಕಡಿಮೆ. 1983ರಲ್ಲಿ ಐಇಇಇ ಸಂಸ್ಥೆ ಇದನ್ನು 802.3 ಎಂಬ ಸಂಖ್ಯೆಯ ಮಾನದಂಡವಾಗಿ ಅಂಗೀಕರಿಸಿತು. ಅಂದಿನಿಂದ ಇಂದಿನವರೆಗೆ ವೇಗ ಸಾವಿರಾರು ಪಟ್ಟು ಹೆಚ್ಚಿದೆ. ಆದರೆ ವಿಳಾಸ ಬರೆದು, ಒಳಗೆ ಮಾಹಿತಿ ಇಟ್ಟು, ಕೊನೆಗೆ ತಪ್ಪು ಹಿಡಿಯುವ ಮುದ್ರೆಯೊತ್ತಿ ಕಳುಹಿಸುವ ಕ್ರಮ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಇನ್ನು ಎಂಬೆಡೆಡ್ ಬೋರ್ಡ್. ವಿದ್ಯುತ್ ಮೀಟರ್, ಲಿಫ್ಟು, ಆಸ್ಪತ್ರೆಯ ಮಾನಿಟರ್, ಕಾರ್ಖಾನೆಯ ಯಂತ್ರ ಇವುಗಳೊಳಗೆಲ್ಲ ಒಂದೊಂದು ಪುಟ್ಟ ಗಣಕ ಅಡಗಿ ಕುಳಿತಿರುತ್ತದೆ. ಅಂಥದ್ದನ್ನು ಕಲಿಯಲು, ಪ್ರಯೋಗ ಮಾಡಲು ಸಿಗುವುದೇ ಡೆವಲಪ್‌ಮೆಂಟ್ ಬೋರ್ಡ್. ಮಾತು ಗಾಳಿಯಲ್ಲಿ ಹೋಗಬಾರದೆಂದು ನಾನು ಒಂದೇ ಬೋರ್ಡನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿಯ ನ್ಯೂಕ್ಲಿಯೊ-ಎಫ್429ಝಡ್‌ಐ. ಇದರ ಮೈಕ್ರೋಕಂಟ್ರೋಲರ್ 180 ಮೆಗಾಹರ್ಟ್ಝ್ ವೇಗದ್ದು, 2 ಮೆಗಾಬೈಟ್ ಫ್ಲ್ಯಾಶ್, 256 ಕಿಲೋಬೈಟ್ ರ್‍ಯಾಮ್. ನಿಮ್ಮ ಮೊಬೈಲಿನ ಮುಂದೆ ಇದು ಏನೇನೂ ಅಲ್ಲ. ಆದರೂ ಇದರಲ್ಲಿ ಈಥರ್ನೆಟ್ ಇದೆ.

ನನ್ನ ತಪ್ಪು

2017ರ ಮಾತು. ನಾನು ಆಗ ತಾನೇ ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಸೇರಿದ್ದೆ. ಮೀಟರುಗಳ ಲೆಕ್ಕವನ್ನು ನೆಟ್‌ವರ್ಕ್ ಮೂಲಕ ಕಳುಹಿಸುವ ಉಪಕರಣದ ಮಾದರಿಯನ್ನು ನಾನು ಹೇಳಿದ ಈ ಬೋರ್ಡಿನ ಮೇಲೆಯೇ ಸಿದ್ಧಪಡಿಸುತ್ತಿದ್ದೆವು. ಈಥರ್ನೆಟ್ ಭಾಗ ನನ್ನ ಪಾಲಿಗೆ ಬಂದಿತ್ತು. ಗುರುವಾರ ಸಂಜೆ ಕೇಬಲ್ ಚುಚ್ಚಿದೆ. ಕೇಬಲ್ ಚುಚ್ಚುವ ಜಾಗದಲ್ಲಿ ದೀಪ ಉರಿಯಿತು, ಮತ್ತೊಂದು ದೀಪ ಮಿಣುಕಿತು. ನಾನು ಹಿಗ್ಗಿಹೋದೆ. ಪರೀಕ್ಷೆಯ ಪಟ್ಟಿಯಲ್ಲಿ ‘ಈಥರ್ನೆಟ್: ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿ ಮನೆಗೆ ಹೋದೆ. ಉಳಿದದ್ದನ್ನು ಆಮೇಲೆ ನೋಡಿದರಾಯಿತು ಎಂದುಕೊಂಡೆ.

ಶನಿವಾರ ಗಿರಾಕಿಗಳು ದೂರದೂರಿನಿಂದ ಬಂದು ಮೇಜಿನ ಸುತ್ತ ಕುಳಿತರು. ಬೋರ್ಡ್ ಹಚ್ಚಿದೆವು. ದೀಪ ಉರಿಯಿತು. ಮಾಹಿತಿ ಬರಲಿಲ್ಲ. ಅರ್ಧ ಗಂಟೆ ಕಳೆದರೂ ಬರಲಿಲ್ಲ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲನೆ ಕೇಳಿದರು, “ಪಿಂಗ್ ಬಂದಿತ್ತೇನಪ್ಪಾ?”

“ಇಲ್ಲ ಸಾರ್, ಪಿಂಗ್ ಮಾಡಿರಲಿಲ್ಲ. ಲಿಂಕ್ ಬಂದಿತ್ತು, ದೀಪ ಉರಿದಿತ್ತು.”

“ಮನೆಯಲ್ಲಿ ದೀಪ ಉರೀತಿದ್ರೆ ಒಳಗಿರೋರು ನಿನ್ನ ಹತ್ರ ಮಾತಾಡಿದ್ರು ಅಂತ ಅರ್ಥವಾ?”

ಅವರು ಗಿರಾಕಿಗಳ ಮುಂದೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ನನ್ನ ಹೆಸರು ಹೇಳಲಿಲ್ಲ. ಆದರೆ ಪಟ್ಟಿಯಲ್ಲಿದ್ದ ಸಹಿ ನನ್ನದೇ ಆಗಿತ್ತು. ಆ ಸಂಜೆಯ ನಾಚಿಕೆಯನ್ನು ನಾನು ಇಂದಿಗೂ ಮರೆತಿಲ್ಲ. ಈ ಭಾಷಣ ಒಂದು ರೀತಿಯಲ್ಲಿ ಆ ಸಹಿಯ ಪ್ರಾಯಶ್ಚಿತ್ತ ಎಂದು ತಿಳಿಯಿರಿ.

ದೀಪ ಏನು ಹೇಳುತ್ತದೆ?

ದೀಪ ಏಕೆ ಉರಿಯಿತು, ಮಾತು ಏಕೆ ಬರಲಿಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳೋಣ. ಬೋರ್ಡಿನಲ್ಲಿ ಈಥರ್ನೆಟ್ ಕೆಲಸವನ್ನು ಇಬ್ಬರು ಹಂಚಿಕೊಂಡಿರುತ್ತಾರೆ. ಒಬ್ಬನ ಹೆಸರು ಮ್ಯಾಕ್. ಈತ ಮೈಕ್ರೋಕಂಟ್ರೋಲರಿನ ಒಳಗೇ ಇರುವ ಗುಮಾಸ್ತ. ಕಾಗದವನ್ನು ಲಕೋಟೆಗೆ ಹಾಕಿ ವಿಳಾಸ ಬರೆಯುವುದು ಇವನ ಕೆಲಸ. ಇನ್ನೊಬ್ಬನ ಹೆಸರು ಫೈ. ಈತ ಹೊರಗಿನ ಬೇರೊಂದು ಚಿಪ್ಪು. ನಮ್ಮ ಬೋರ್ಡಿನಲ್ಲಿ ಅದರ ಹೆಸರು ಲ್ಯಾನ್8742ಎ. ಲಕೋಟೆಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ತಂತಿಗೆ ಹತ್ತಿಸುವವನು, ತಂತಿಯಿಂದ ಬಂದದ್ದನ್ನು ಇಳಿಸಿಕೊಳ್ಳುವವನು ಇವನೇ.

ಕೇಬಲ್ ಚುಚ್ಚಿದಾಗ ಈ ಫೈ, ಆಚೆ ತುದಿಯಲ್ಲಿರುವ ಇನ್ನೊಂದು ಫೈಯೊಂದಿಗೆ ತಾನೇ ಒಪ್ಪಂದ ಮಾಡಿಕೊಳ್ಳುತ್ತದೆ. ಎಷ್ಟು ವೇಗ, ಎರಡೂ ಕಡೆಯಿಂದ ಏಕಕಾಲಕ್ಕೆ ಮಾತನಾಡಬಹುದೇ ಎಂಬ ಒಪ್ಪಂದ. ಅದು ಮುಗಿದ ಕೂಡಲೇ ದೀಪ ಉರಿಯುತ್ತದೆ. ಇದರಲ್ಲಿ ಗುಮಾಸ್ತನ ಪಾತ್ರವೇ ಇಲ್ಲ. ನೀವು ಬರೆದ ಪ್ರೋಗ್ರಾಮಿನ ಪಾತ್ರವೂ ಇಲ್ಲದಿರಬಹುದು. ಹಿಂದೆ ಮನೆಗಳಲ್ಲಿದ್ದ ಫೋನನ್ನು ನೆನಪಿಸಿಕೊಳ್ಳಿ. ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುತ್ತಿತ್ತು. ಅದು ತಂತಿ ತುಂಡಾಗಿಲ್ಲ ಎಂಬುದಕ್ಕೆ ಸಾಕ್ಷಿ. ದುಬೈಯಲ್ಲಿರುವ ಅಣ್ಣ ಮಾತನಾಡಿದ ಎಂಬುದಕ್ಕೆ ಸಾಕ್ಷಿಯಲ್ಲ.

ಸನದಿನ ಪಾಠ

ಇಲ್ಲಿ ನಮ್ಮ ಪರಂಪರೆಯ ಒಂದು ವಿದ್ಯೆ ನನಗೆ ನೆನಪಾಗುತ್ತದೆ. ಹದೀಸ್ ವಿದ್ವಾಂಸರು ಒಂದು ವರದಿ ತಮ್ಮ ಬಳಿ ಬಂದಾಗ ಅದರ ಮಾತನ್ನು ಮಾತ್ರ ನೋಡುತ್ತಿರಲಿಲ್ಲ. ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನು, ಅಂದರೆ ಸನದನ್ನು, ಕೊಂಡಿ ಕೊಂಡಿಯಾಗಿ ಪರಿಶೀಲಿಸುತ್ತಿದ್ದರು. ಇಬ್ಬರು ವರದಿಗಾರರು ಒಂದೇ ಕಾಲದಲ್ಲಿ ಬದುಕಿದ್ದರು ಎಂಬುದು ಒಂದು ಮಾತು. ಅವರು ನಿಜಕ್ಕೂ ಭೇಟಿಯಾಗಿದ್ದರು ಎಂಬುದು ಇನ್ನೊಂದು ಮಾತು. ಕ್ರಿ.ಶ. 870ರಲ್ಲಿ ನಿಧನರಾದ ಇಮಾಮ್ ಬುಖಾರಿಯವರು ಭೇಟಿ ಸಾಬೀತಾಗಬೇಕು ಎಂಬ ಕಟ್ಟುನಿಟ್ಟಿನ ನಿಲುವಿನವರೆಂದು ಹೆಸರಾದವರು. ದೀನಿನ ವಿದ್ಯೆಯನ್ನು ತಂತಿ ಬೋರ್ಡುಗಳ ಕೆಲಸಕ್ಕೆ ಸಮನೆಂದು ನಾನು ಹೇಳುತ್ತಿಲ್ಲ. ಆದರೆ ಆ ಶಿಸ್ತು ನಮ್ಮದು. ದೀಪ ಉರಿದರೆ ಇಬ್ಬರೂ ಒಂದೇ ಕಾಲದಲ್ಲಿ ಇದ್ದಾರೆ ಎಂದಷ್ಟೇ ಆಯಿತು. ಭೇಟಿಯಾದರೇ, ಮಾತನಾಡಿದರೇ, ಆಡಿದ ಮಾತು ಕೆಡದೆ ತಲುಪಿತೇ ಎಂಬ ಪ್ರಶ್ನೆಗಳು ಇನ್ನೂ ಬಾಕಿಯಿವೆ.

ಆದುದರಿಂದ ಈಥರ್ನೆಟ್ ಪರೀಕ್ಷೆಯನ್ನು ಕೊಂಡಿ ಕೊಂಡಿಯಾಗಿ ಮಾಡಬೇಕು. ಒಂದು ಕೊಂಡಿ ಸಾಬೀತಾಗುವ ತನಕ ಮುಂದಿನದಕ್ಕೆ ಹೋಗಬಾರದು. ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ವಿದ್ಯಾರ್ಥಿಗಳು ಬೇಕಾದರೆ ಬರೆದುಕೊಳ್ಳಬಹುದು.

ಮೊದಲ ಕೊಂಡಿ: ಗಡಿಯಾರ

ಮ್ಯಾಕ್ ಮತ್ತು ಫೈ ನಡುವೆ ಮಾಹಿತಿ ಸಾಗುವ ದಾರಿಗೆ ನಮ್ಮ ಬೋರ್ಡಿನಲ್ಲಿ ಆರ್‌ಎಂಐಐ ಎನ್ನುತ್ತಾರೆ. ಹೋಗಲು ಎರಡು ತಂತಿ, ಬರಲು ಎರಡು ತಂತಿ, ಇಬ್ಬರಿಗೂ ತಾಳ ಹಾಕಲು 50 ಮೆಗಾಹರ್ಟ್ಝ್‌ನ ಒಂದು ಗಡಿಯಾರ. ಎರಡು ಬಿಟ್‌ಗಳನ್ನು 50ರಿಂದ ಗುಣಿಸಿದರೆ 100 ಮೆಗಾಬಿಟ್. ಲೆಕ್ಕ ಸರಿಹೋಯಿತು. ಈ ಗಡಿಯಾರ ಬರದಿದ್ದರೆ ಮ್ಯಾಕ್ ಭಾಗದ ರಿಸೆಟ್ ಕೂಡ ಮುಗಿಯುವುದಿಲ್ಲ. ಪ್ರೋಗ್ರಾಮ್ ಆರಂಭದಲ್ಲೇ ಕಾಯುತ್ತಾ ನಿಂತುಬಿಡುತ್ತದೆ. ಪ್ರೋಗ್ರಾಮ್ ಕೆಟ್ಟಿದೆ ಎಂದುಕೊಂಡು ಹುಡುಗರು ಎರಡು ದಿನ ಅದನ್ನೇ ತಿದ್ದುತ್ತಾ ಕುಳಿತಿರುತ್ತಾರೆ. ಮೊದಲು ಆ ಪಿನ್ನಿನಲ್ಲಿ ಗಡಿಯಾರವಿದೆಯೇ ಎಂದು ಆಸಿಲೋಸ್ಕೋಪಿನಲ್ಲಿ ನೋಡಿ.

ಎರಡನೆಯ ಕೊಂಡಿ: ನೀನು ಯಾರು?

ಗುಮಾಸ್ತನಿಗೂ ಫೈಗೂ ನಡುವೆ ಇನ್ನೊಂದು ಚಿಕ್ಕ ದಾರಿಯಿದೆ. ಅದರಲ್ಲಿ ಪ್ಯಾಕೆಟ್ಟುಗಳು ಹೋಗುವುದಿಲ್ಲ, ವಿಚಾರಣೆ ಮಾತ್ರ ನಡೆಯುತ್ತದೆ. ಅದರ ಹೆಸರು ಎಂಡಿಐಓ. ಫೈ ಒಳಗೆ 32 ರಿಜಿಸ್ಟರುಗಳಿವೆ. ಅವುಗಳಲ್ಲಿ ಎರಡು ಮತ್ತು ಮೂರನೆಯ ಸಂಖ್ಯೆಯವು ಅದರ ಗುರುತಿನ ಚೀಟಿ. ಲ್ಯಾನ್8742ಎ ಆಗಿದ್ದರೆ ಎರಡನೆಯದರಲ್ಲಿ 0007 ಎಂದೂ, ಮೂರನೆಯದರಲ್ಲಿ ಸಿ13 ಎಂದು ಆರಂಭವಾಗುವ ಸಂಖ್ಯೆಯೂ ಹದಿನಾರರ ಪದ್ಧತಿಯಲ್ಲಿ ಸಿಗಬೇಕು. ಎಲ್ಲವೂ ಎಫ್‌ಎಫ್‌ಎಫ್‌ಎಫ್ ಎಂದೇ ಬಂದರೆ ನೀವು ಕರೆದ ಬಾಗಿಲಲ್ಲಿ ಯಾರೂ ಇಲ್ಲ ಎಂದರ್ಥ. ಬಹುತೇಕ ಸಲ ಫೈಯ ವಿಳಾಸ ಸಂಖ್ಯೆ ತಪ್ಪಿರುತ್ತದೆ. ಈ ಬೋರ್ಡಿನಲ್ಲಿ ಅದು ಸೊನ್ನೆ. ಪ್ರೋಗ್ರಾಮಿನಲ್ಲಿ ಒಂದು ಎಂದಿದ್ದರೆ ಉತ್ತರ ಬರುವುದಿಲ್ಲ.

ಮೂರನೆಯ ಕೊಂಡಿ: ಲಿಂಕ್

ಈಗ ದೀಪವನ್ನು ನೋಡಬಹುದು. ಆದರೆ ದೀಪಕ್ಕಿಂತ ರಿಜಿಸ್ಟರನ್ನು ನಂಬಿ. ಒಂದನೆಯ ರಿಜಿಸ್ಟರಿನ ಎರಡನೆಯ ಬಿಟ್ ಲಿಂಕ್ ಇದೆಯೇ ಎಂದು ಹೇಳುತ್ತದೆ, ಐದನೆಯ ಬಿಟ್ ಒಪ್ಪಂದ ಮುಗಿಯಿತೇ ಎಂದು ಹೇಳುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ. ಲಿಂಕ್ ಒಮ್ಮೆ ತಪ್ಪಿದರೆ, ಆಮೇಲೆ ಸರಿಯಾಗಿದ್ದರೂ ನೀವು ಓದುವ ತನಕ ಆ ಬಿಟ್ ಸೊನ್ನೆಯಾಗಿಯೇ ಇರುತ್ತದೆ. ಆದುದರಿಂದ ಈಗಿನ ಸ್ಥಿತಿ ತಿಳಿಯಬೇಕಾದರೆ ಎರಡು ಬಾರಿ ಓದಬೇಕು. ಒಮ್ಮೆ ಓದಿ ‘ಲಿಂಕ್ ಇಲ್ಲ’ ಎಂದು ಬರೆಯುವುದೂ ಆತುರದ ಸಾಕ್ಷಿಯೇ.

ಇನ್ನೊಂದು ಎಚ್ಚರಿಕೆ. ಒಂದು ತುದಿಯಲ್ಲಿ 100 ಮೆಗಾಬಿಟ್ ಪೂರ್ಣ ದ್ವಿಮುಖ ಎಂದು ಬಲವಂತವಾಗಿ ನಿಗದಿ ಮಾಡಿ, ಇನ್ನೊಂದು ತುದಿಯನ್ನು ಒಪ್ಪಂದಕ್ಕೆ ಬಿಟ್ಟರೆ, ಆ ತುದಿ ಅರ್ಧ ದ್ವಿಮುಖವೆಂದು ತಿಳಿಯುತ್ತದೆ. ದೀಪ ಚೆನ್ನಾಗಿಯೇ ಉರಿಯುತ್ತದೆ, ಪಿಂಗ್ ಕೂಡ ಬರುತ್ತದೆ, ಆದರೆ ಭಾರ ಹೆಚ್ಚಿದ ಕೂಡಲೇ ಎಲ್ಲವೂ ಕುಂಟತೊಡಗುತ್ತದೆ. ಎರಡೂ ಕಡೆ ಒಪ್ಪಂದಕ್ಕೇ ಬಿಡುವುದು ಒಳ್ಳೆಯದು.

ನಾಲ್ಕನೆಯ ಕೊಂಡಿ: ತನ್ನ ಧ್ವನಿ ತನಗೆ ಕೇಳುವುದೇ?

ಫೈಯ ಸೊನ್ನೆಯ ರಿಜಿಸ್ಟರಿನಲ್ಲಿ 14ನೆಯ ಬಿಟ್ ಹಚ್ಚಿದರೆ ಅದು ಲೂಪ್‌ಬ್ಯಾಕ್ ಸ್ಥಿತಿಗೆ ಹೋಗುತ್ತದೆ. ಮ್ಯಾಕ್ ಕಳುಹಿಸಿದ್ದನ್ನು ತಂತಿಗೆ ಹತ್ತಿಸದೆ ಹಾಗೆಯೇ ಹಿಂದಕ್ಕೆ ಕೊಡುತ್ತದೆ. ಒಂದು ಫ್ರೇಮ್ ಕಳುಹಿಸಿ, ಅದೇ ಫ್ರೇಮ್ ಬೈಟಿಗೆ ಬೈಟು ಸರಿಯಾಗಿ ವಾಪಸು ಬಂತೇ ನೋಡಿ. ಬಂದರೆ ಬೋರ್ಡಿನ ಒಳಗಿನ ದಾರಿ ಎರಡೂ ದಿಕ್ಕಿನಲ್ಲಿ ಸರಿಯಾಗಿದೆ.

ಆ ಗುರುವಾರ ನಾನು ಬಿಟ್ಟದ್ದು ಇದನ್ನೇ. ನನ್ನ ತಪ್ಪು ಏನಾಗಿತ್ತು ಗೊತ್ತೇ? ಪಿನ್ನುಗಳನ್ನು ಹೊಂದಿಸಿಕೊಡುವ ತಂತ್ರಾಂಶದಲ್ಲಿ ನಾನು ಬೋರ್ಡಿನ ಹೆಸರನ್ನು ಆರಿಸದೆ ಬರೀ ಚಿಪ್ಪಿನ ಹೆಸರನ್ನು ಆರಿಸಿದ್ದೆ. ಹೊರಗೆ ಕಳುಹಿಸುವ ಎರಡು ಸಂಕೇತಗಳನ್ನು ಅದು ಪಿಬಿ11 ಮತ್ತು ಪಿಬಿ12 ಪಿನ್ನುಗಳಿಗೆ ಕೊಟ್ಟಿತ್ತು. ಬೋರ್ಡಿನಲ್ಲಿ ಅವುಗಳ ತಂತಿ ಹೋಗಿರುವುದು ಪಿಜಿ11 ಮತ್ತು ಪಿಜಿ13ಕ್ಕೆ. ಹಾಗಾಗಿ ವಿಚಾರಣೆಯ ದಾರಿ ಸರಿ, ಲಿಂಕ್ ಸರಿ, ಒಳಗೆ ಬರುವ ದಾರಿ ಸರಿ. ಹೊರಗೆ ಹೋಗುವ ದಾರಿ ಮಾತ್ರ ಗೋಡೆಗೆ ಬಡಿಯುತ್ತಿತ್ತು. ಇನ್ನೂ ವಿಚಿತ್ರವೆಂದರೆ, ಇಷ್ಟು ಫ್ರೇಮ್ ಕಳುಹಿಸಿದ್ದೇನೆ ಎಂದು ಮ್ಯಾಕ್ ತನ್ನ ಲೆಕ್ಕದಲ್ಲಿ ಬರೆದುಕೊಳ್ಳುತ್ತಲೇ ಇತ್ತು. ಅದರ ಮಟ್ಟಿಗೆ ಅದು ಕಳುಹಿಸಿತ್ತು! ತಲುಪಿತೇ ಎಂದು ಕಳುಹಿಸಿದವನನ್ನೇ ಕೇಳಿದರೆ ಏನು ಪ್ರಯೋಜನ? ತಲುಪಬೇಕಾದವನನ್ನು ಕೇಳಬೇಕು. ಬೋರ್ಡಿನ ಕೈಪಿಡಿಯ ಒಂದು ಪುಟ ತೆರೆದು ಒಂಬತ್ತು ಪಿನ್ನುಗಳನ್ನು ಹೋಲಿಸಿ ನೋಡಲು ನನಗೆ ಹತ್ತು ನಿಮಿಷ ಸಾಕಿತ್ತು.

ಐದನೆಯ ಕೊಂಡಿ: ತಂತಿಯ ಮೇಲೆ ಕಣ್ಣು

ಕಂಪ್ಯೂಟರಿನಲ್ಲಿ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಿ. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಎಂಬವರು ಬೇರೊಂದು ಹೆಸರಿನಲ್ಲಿ ಹೊರತಂದ ಇದಕ್ಕೆ 2006ರಲ್ಲಿ ಈ ಹೆಸರು ಬಂತು. ತಂತಿಯಲ್ಲಿ ಬಂದು ಹೋಗುವ ಪ್ರತಿಯೊಂದು ಫ್ರೇಮನ್ನೂ ಇದು ಬಿಡಿಸಿ ತೋರಿಸುತ್ತದೆ. ಬೋರ್ಡ್ ಮತ್ತು ಕಂಪ್ಯೂಟರ್ ನಡುವೆ ನೇರವಾಗಿ ಕೇಬಲ್ ಹಾಕಿ, ಕಂಪ್ಯೂಟರಿಗೆ 192.168.1.20, ಬೋರ್ಡಿಗೆ 192.168.1.10 ಎಂದು ವಿಳಾಸ ಕೊಡಿ.

ಈಗ ಕಂಪ್ಯೂಟರಿನಿಂದ ಪಿಂಗ್ ಮಾಡಿದರೆ ಮೊದಲು ಹೊರಡುವುದು ಪಿಂಗ್ ಅಲ್ಲ, ಎಆರ್‌ಪಿ. “192.168.1.10 ಯಾರು? ನಿಮ್ಮ ಮ್ಯಾಕ್ ವಿಳಾಸ ಹೇಳಿ” ಎಂದು ಕಂಪ್ಯೂಟರ್ ಎಲ್ಲರನ್ನೂ ಕೂಗಿ ಕೇಳುತ್ತದೆ. ಬೋರ್ಡ್ ಉತ್ತರಿಸಬೇಕು. ಪ್ರಶ್ನೆಗಳೇ ಸಾಲಾಗಿ ಕಾಣಿಸಿ ಉತ್ತರ ಒಂದೂ ಕಾಣಿಸದಿದ್ದರೆ ದೋಷ ಎಆರ್‌ಪಿ ಹಂತದಲ್ಲಿದೆ, ಪಿಂಗಿನಲ್ಲಿ ಹುಡುಕಬೇಡಿ. ಫ್ರೇಮಿನ ಜಾತಿಯನ್ನು ಹೇಳುವ ಎರಡು ಬೈಟುಗಳಲ್ಲಿ ಎಆರ್‌ಪಿಗೆ 0806 ಎಂದಿರಬೇಕು. ಅದು 0608 ಎಂದು ತಿರುಗುಮುರುಗಾಗಿ ಕಂಡರೆ ಬೈಟುಗಳ ಕ್ರಮ ತಪ್ಪಿದೆ. ನೆಟ್‌ವರ್ಕಿನಲ್ಲಿ ದೊಡ್ಡ ಸ್ಥಾನದ ಬೈಟ್ ಮೊದಲು ಹೋಗಬೇಕು, ನಮ್ಮ ಮೈಕ್ರೋಕಂಟ್ರೋಲರ್ ಚಿಕ್ಕ ಸ್ಥಾನದ್ದನ್ನು ಮೊದಲು ಇಟ್ಟುಕೊಳ್ಳುತ್ತದೆ. ಉರ್ದುವನ್ನು ಎಡದಿಂದ ಓದಿದ ಹಾಗೆ.

ಆರನೆಯ ಕೊಂಡಿ: ಪಿಂಗ್

1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದವರು ಬರೆದ ಪುಟ್ಟ ಪ್ರೋಗ್ರಾಮ್ ಇದು. ಇಂದಿಗೂ ಇದಕ್ಕಿಂತ ಸರಳವಾದ ಪರೀಕ್ಷೆ ಇಲ್ಲ. ಬೋರ್ಡಿನಲ್ಲಿ ಉತ್ತರಿಸಲು ಎಲ್‌ಡಬ್ಲ್ಯುಐಪಿ ಎಂಬ ಉಚಿತ ತಂತ್ರಾಂಶವಿದೆ. ಸ್ವೀಡನ್ನಿನ ಆಡಂ ಡಂಕೆಲ್ಸ್ ಇದನ್ನು ಆರಂಭಿಸಿದವರು. ಕೆಲವೇ ಹತ್ತು ಕಿಲೋಬೈಟ್ ರ್‍ಯಾಮಿನಲ್ಲಿ ಇದು ಕೆಲಸ ಮಾಡುತ್ತದೆ.

ನಾಲ್ಕು ಪಿಂಗ್ ಬಂದ ಕೂಡಲೇ ಎದ್ದು ಹೋಗಬೇಡಿ. ವಿಂಡೋಸಿನ ಪಿಂಗ್ ಕೇವಲ 32 ಬೈಟ್ ಕಳುಹಿಸುತ್ತದೆ. ಗಾತ್ರವನ್ನು 1472ಕ್ಕೆ ಏರಿಸಿ ನೋಡಿ. ಫ್ರೇಮಿನ ಒಳಗೆ ಹಿಡಿಯುವುದು 1500 ಬೈಟ್. ಅದರಲ್ಲಿ ಐಪಿಗೆ 20, ಪಿಂಗಿನ ತಲೆಬರಹಕ್ಕೆ 8 ಕಳೆದರೆ ಉಳಿಯುವುದು 1472. ಚಿಕ್ಕದಕ್ಕೆ ಉತ್ತರ ಬಂದು ದೊಡ್ಡದಕ್ಕೆ ಬರದಿದ್ದರೆ ಬಫರಿನ ಅಳತೆ ತಪ್ಪಿದೆ. ಬೋರ್ಡಿನಿಂದ ಕಂಪ್ಯೂಟರಿಗೆ ಪಿಂಗ್ ಮಾಡಿ ಉತ್ತರ ಬರದಿದ್ದರೆ ಬೋರ್ಡನ್ನು ಬೈಯುವ ಮೊದಲು ಕಂಪ್ಯೂಟರಿನ ಫೈರ್‌ವಾಲ್ ನೋಡಿ. ಬಾಗಿಲು ಹಾಕಿಕೊಂಡವನು ಅವನೇ ಇರಬಹುದು.

ಇನ್ನೊಂದು ಗುಪ್ತ ಬಾವಿ ಇಲ್ಲಿದೆ. ಈ ಚಿಪ್ಪಿನ 256 ಕಿಲೋಬೈಟ್ ರ್‍ಯಾಮಿನಲ್ಲಿ 64 ಕಿಲೋಬೈಟ್ ಪ್ರೊಸೆಸರಿಗೆ ಮಾತ್ರ ಮೀಸಲು. ಈಥರ್ನೆಟ್ಟಿನ ಡಿಎಂಎ ಅಲ್ಲಿಗೆ ಕೈಚಾಚಲಾರದು. ನಿಮ್ಮ ಬಫರ್ ಅಲ್ಲಿ ಹೋಗಿ ಕುಳಿತರೆ ಪ್ರೋಗ್ರಾಮಿನ ಅಕ್ಷರ ಅಕ್ಷರ ಸರಿಯಿದ್ದರೂ ಒಂದು ಪ್ಯಾಕೆಟ್ಟೂ ಬರುವುದಿಲ್ಲ.

ಏಳನೆಯ ಕೊಂಡಿ: ಭಾರ ಮತ್ತು ಸಮಯ

ಪಿಂಗ್ ಬಂದ ಮೇಲೆ ಟಿಸಿಪಿ ಮೂಲಕ ಮಾಹಿತಿ ಹರಿಸಿ ವೇಗ ಅಳೆಯಿರಿ. ಇದಕ್ಕೆ ಐಪರ್ಫ್ ಎಂಬ ಸಾಧನವಿದೆ. ಇಲ್ಲಿ ಒಂದು ಲೆಕ್ಕ ನೆನಪಿಡಿ. ಪೂರ್ಣ ಗಾತ್ರದ ಒಂದು ಫ್ರೇಮಿಗೆ ತಂತಿಯ ಮೇಲೆ, ಮುಂದಿನ ಪೀಠಿಕೆ ಹಿಂದಿನ ಅಂತರ ಎಲ್ಲ ಸೇರಿ, 1538 ಬೈಟಿನ ಸಮಯ ಬೇಕು. ಅದರಲ್ಲಿ ನಿಮ್ಮ ನಿಜವಾದ ಮಾಹಿತಿ 1460 ಬೈಟ್. ಅಂದರೆ 100 ಮೆಗಾಬಿಟ್ ತಂತಿಯಲ್ಲಿ ಸಿಗಬಹುದಾದ ಗರಿಷ್ಠ ಸುಮಾರು 94.9 ಮೆಗಾಬಿಟ್. ಯಾವನಾದರೂ ತನ್ನ ಪ್ರಾಜೆಕ್ಟ್ ವರದಿಯಲ್ಲಿ 98 ಮೆಗಾಬಿಟ್ ಬಂತೆಂದು ಬರೆದಿದ್ದರೆ, ಆತ ಅಳೆದಿಲ್ಲ, ಅಥವಾ ಅಳೆದದ್ದು ಏನೆಂದು ಅವನಿಗೇ ತಿಳಿದಿಲ್ಲ. ಸಂದರ್ಶನದಲ್ಲಿ ಇಂಥ ಒಂದೇ ಸಂಖ್ಯೆಯಿಂದ ಸಿಕ್ಕಿಬಿದ್ದವರನ್ನು ನಾನು ಕಂಡಿದ್ದೇನೆ.

ಬಳಿಕ ಕೇಬಲ್ ಕಿತ್ತು ಮತ್ತೆ ಹಾಕಿ. ಸ್ವಿಚ್ಚನ್ನು ಆರಿಸಿ ಮತ್ತೆ ಹಚ್ಚಿ. ಬೋರ್ಡನ್ನು ಕೇಬಲ್ ಇಲ್ಲದೆ ಆರಂಭಿಸಿ ಆಮೇಲೆ ಕೇಬಲ್ ಹಾಕಿ. ಪ್ರತಿ ಬಾರಿಯೂ ತಾನಾಗಿ ಚೇತರಿಸಿಕೊಳ್ಳಬೇಕು. ಕೊನೆಗೆ ಇಡೀ ರಾತ್ರಿ ಓಡಲು ಬಿಟ್ಟು, ಬೆಳಿಗ್ಗೆ ಫಜರ್ ನಂತರ ಬಂದು ತಪ್ಪು ಫ್ರೇಮುಗಳ ಎಣಿಕೆ ಎಷ್ಟಿದೆ ನೋಡಿ. ಹತ್ತು ನಿಮಿಷದಲ್ಲಿ ಕಾಣದ ದೋಷ ಹತ್ತು ಗಂಟೆಯಲ್ಲಿ ಕಾಣುತ್ತದೆ.

ಆರು ಬೋರ್ಡುಗಳ ಕಥೆ

ವಿದ್ಯಾರ್ಥಿಗಳ ಒಂದು ಬೇಸಿಗೆ ಶಿಬಿರದಲ್ಲಿ ನಡೆದದ್ದು. ಆರು ಬೋರ್ಡುಗಳು, ಆರು ತಂಡಗಳು. ಪ್ರತಿಯೊಂದು ತಂಡವೂ ತನ್ನ ಮೇಜಿನಲ್ಲಿ ಪಿಂಗ್ ತೋರಿಸಿತು. ಸಂಜೆ ಆರನ್ನೂ ಒಂದೇ ಸ್ವಿಚ್ಚಿಗೆ ಹಾಕಿದೆವು. ಎಲ್ಲರ ಪಿಂಗ್ ಬಂದು ಹೋಗಿ, ಬಂದು ಹೋಗಿ ಆಗತೊಡಗಿತು. ಸ್ವಿಚ್ ಕೆಟ್ಟಿದೆ ಎಂದು ಹುಡುಗರು ತೀರ್ಪು ಕೊಟ್ಟರು. ಪಿಯುಸಿ ಮುಗಿಸಿ ಡಿಪ್ಲೊಮಾ ಸೇರಿದ್ದ ಒಬ್ಬಳು ಹುಡುಗಿ ಮಾತ್ರ ಸುಮ್ಮನೆ ವೈರ್‌ಶಾರ್ಕ್ ನೋಡುತ್ತಾ ಕುಳಿತಿದ್ದಳು. ಸ್ವಲ್ಪ ಹೊತ್ತಿನ ನಂತರ, “ಸರ್, ಐಪಿ ಬೇರೆ ಬೇರೆ ಇದೆ. ಆದರೆ ಆರೂ ಬೋರ್ಡಿನ ಮ್ಯಾಕ್ ವಿಳಾಸ ಒಂದೇ ಇದೆ” ಎಂದಳು.

ಅದೇ ಸರಿ. ಎಲ್ಲರೂ ಒಂದೇ ಮಾದರಿ ಪ್ರೋಗ್ರಾಮನ್ನು ನಕಲು ಮಾಡಿಕೊಂಡು ಐಪಿಯನ್ನು ಮಾತ್ರ ಬದಲಿಸಿದ್ದರು. ಒಂದೇ ಮ್ಯಾಕ್ ವಿಳಾಸ ಆರು ಬಾಗಿಲುಗಳಲ್ಲಿ ಕಂಡರೆ ಸ್ವಿಚ್ ಏನು ಮಾಡಬೇಕು? ಕೊನೆಯದಾಗಿ ಎಲ್ಲಿ ಕಂಡಿತೋ ಅಲ್ಲಿಗೆ ಕಳುಹಿಸುತ್ತದೆ. ಪ್ರಯೋಗಕ್ಕೆ ಸ್ವಂತ ವಿಳಾಸ ಬೇಕಾದರೆ ಮೊದಲ ಬೈಟನ್ನು 02 ಎಂದು ಇಟ್ಟುಕೊಳ್ಳಬಹುದು. ಅದು ಸ್ಥಳೀಯವಾಗಿ ಕೊಟ್ಟ ವಿಳಾಸ ಎಂಬುದರ ಗುರುತು. ಉಳಿದ ಬೈಟುಗಳನ್ನು ಚಿಪ್ಪಿನೊಳಗೆ ಇರುವ 96 ಬಿಟ್ಟಿನ ಅನನ್ಯ ಸಂಖ್ಯೆಯಿಂದ ರಚಿಸಿಕೊಳ್ಳಬಹುದು. ಆ ಹುಡುಗಿ ಅದನ್ನೂ ಮರುದಿನ ತಾನೇ ಮಾಡಿ ತೋರಿಸಿದಳು. ಊಹೆ ಮಾಡಿದವರು ಐದು ತಂಡ, ನೋಡಿದವಳು ಒಬ್ಬಳು.

ಸಹಿ ಎಂಬ ಅಮಾನತ್

ವಿದ್ಯಾರ್ಥಿ ಮಿತ್ರರೇ, ಇಬ್ನುಲ್ ಹೈಸಮ್, ಜಾಬಿರ್, ಖ್ವಾರಿಝ್ಮಿ ಇವರ ಹೆಸರುಗಳನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ಚಪ್ಪಾಳೆಯೂ ಬೀಳುತ್ತದೆ. ಸುಮಾರು ಸಾವಿರ ವರ್ಷಗಳ ಹಿಂದೆ ಕೈರೋದಲ್ಲಿದ್ದುಕೊಂಡು ಬೆಳಕಿನ ಬಗ್ಗೆ ಬರೆದ ಇಬ್ನುಲ್ ಹೈಸಮ್ ದೊಡ್ಡವರಾದದ್ದು ಹಿಂದಿನವರು ಹೇಳಿದ್ದನ್ನು ಹಾಗೆಯೇ ಒಪ್ಪದೆ ತಾವೇ ಪ್ರಯೋಗ ಮಾಡಿ ನೋಡಿದ್ದರಿಂದ. ಅವರ ಹೆಸರು ಹೇಳುವುದು ಸುಲಭ. ಹಣ ಕೊಟ್ಟು ಸಿದ್ಧ ಪ್ರಾಜೆಕ್ಟ್ ತಂದು, ಮಾಡದ ಪರೀಕ್ಷೆಯ ಫಲಿತಾಂಶವನ್ನು ವರದಿಯಲ್ಲಿ ಬರೆದು, ಅದೇ ಬಾಯಲ್ಲಿ ಅವರ ಹೆಸರು ಹೇಳಿದರೆ ಅದು ಅವರಿಗೆ ಮಾಡಿದ ಗೌರವವಲ್ಲ.

ಪರೀಕ್ಷಾ ವರದಿ ಎಂದರೆ ಸಾಕ್ಷ್ಯ. ‘ನಾನು ನೋಡಿದೆ, ಹೀಗಿತ್ತು’ ಎಂಬ ಸಾಕ್ಷ್ಯ. ಸಾಕ್ಷ್ಯದ ವಿಷಯದಲ್ಲಿ ನಮ್ಮ ದೀನು ಎಷ್ಟು ಕಟ್ಟುನಿಟ್ಟು ಎಂದು ನಿಮಗೆ ಮದ್ರಸದಲ್ಲೇ ಕಲಿಸಿದ್ದಾರೆ. ನೀವು ಪರೀಕ್ಷಿಸಿದ ಬೋರ್ಡ್ ನಾಳೆ ಯಾವುದೋ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಇರಬಹುದು. ರೋಗಿಯ ನಾಡಿ ತಪ್ಪಿದಾಗ ದಾದಿಗೆ ಸುದ್ದಿ ಮುಟ್ಟಿಸಬೇಕಾದದ್ದು ಅದೇ ತಂತಿ. ಅಲ್ಲಿ ದೀಪ ಉರಿಯುತ್ತಾ ಮಾತು ಹೋಗದಿದ್ದರೆ, ಆ ಸಹಿ ಹಾಕಿದವನು ಅಲ್ಲಾಹನ ಮುಂದೆ ಏನು ಹೇಳುತ್ತಾನೆ?

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಮನೆಯಿಂದ ಈ ಕ್ಷೇತ್ರಕ್ಕೆ ಹೋಗುವ ಮೊದಲಿಗರು. ಕೈಹಿಡಿದು ನಡೆಸಲು ಮಾವನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಅಂಥವರಿಗೆ ಆಸ್ತಿಯೆಂದರೆ ಒಂದೇ: ಇವನು ಆಯಿತು ಎಂದರೆ ಆಯಿತು, ಇಲ್ಲ ಎಂದರೆ ಇಲ್ಲ ಎಂಬ ನಂಬಿಕೆ. ಒಬ್ಬನು ಆ ನಂಬಿಕೆ ಕಳೆದರೆ ಅವನ ಹಿಂದೆ ಬರುವವನ ಬಾಗಿಲೂ ಕಿರಿದಾಗುತ್ತದೆ. ಅದು ನ್ಯಾಯವಲ್ಲ, ಆದರೆ ಹಾಗಾಗುವುದುಂಟು. ‘ಪಿಂಗ್ ಬರಲಿಲ್ಲ, ಕಾರಣ ಇನ್ನೂ ತಿಳಿದಿಲ್ಲ’ ಎಂದು ಬರೆದವನನ್ನು ಯಾರೂ ಕೆಲಸದಿಂದ ತೆಗೆಯಬೇಕಾಗಿಲ್ಲ. ನನ್ನಂತೆ ದೀಪ ನೋಡಿ ಸಹಿ ಹಾಕುವವನಿಗಿಂತ ಅವನು ಎಷ್ಟೋ ಮೇಲು.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಬಹುಮಾನಗಳಿಗೆ, ಶಾಲುಗಳಿಗೆ ಖರ್ಚು ಮಾಡುವ ಹಣದಲ್ಲಿ ಸ್ವಲ್ಪ ಉಳಿಸಿ ನಮ್ಮ ಗ್ರಂಥಾಲಯದ ಒಂದು ಮೂಲೆಯಲ್ಲಿ ಒಂದು ಮೇಜು ಹಾಕಿಕೊಡಿ. ನಾಲ್ಕು ಬೋರ್ಡ್, ಒಂದು ಸ್ವಿಚ್, ಕೆಲವು ಕೇಬಲ್, ಒಂದು ಹಳೆಯ ಕಂಪ್ಯೂಟರ್ ಸಾಕು. ನಾನು ಹೇಳಿದ ತಂತ್ರಾಂಶಗಳಿಗೆ ಹಣ ಕೊಡಬೇಕಾಗಿಲ್ಲ. ಪಕ್ಕದಲ್ಲೊಂದು ನೋಟ್‌ಬುಕ್ ಇಡಿ. ಬಂದವರು ತಾವು ಮಾಡಿದ್ದನ್ನು, ಆದದ್ದನ್ನು, ಆಗದಿದ್ದುದನ್ನು ತಾರೀಕು ಹಾಕಿ ಬರೆಯಲಿ. ತಿಂಗಳಿಗೆ ಎರಡು ಭಾನುವಾರ ನಾನು ಬಂದು ಕುಳಿತುಕೊಳ್ಳುತ್ತೇನೆ, ಇನ್‌ಶಾ ಅಲ್ಲಾಹ್. ಹುಡುಗಿಯರಿಗೂ ಅಲ್ಲಿ ಅಷ್ಟೇ ಜಾಗವಿರಲಿ. ಆರು ಬೋರ್ಡುಗಳ ಗಂಟು ಬಿಡಿಸಿದವಳು ಯಾರೆಂದು ಈಗಾಗಲೇ ಹೇಳಿದ್ದೇನೆ.

ಪ್ರಿಯ ವಿದ್ಯಾರ್ಥಿಗಳೇ, ನೀವು ಇಂಜಿನಿಯರ್ ಆಗಿ, ಆಗದೆ ಇರಿ. ವೈದ್ಯರೋ ಶಿಕ್ಷಕರೋ ವ್ಯಾಪಾರಿಯೋ ಆಗಿ. ಒಂದು ಕಾಗದದ ಕೆಳಗೆ ಸಹಿ ಹಾಕುವ ದಿನ ನಿಮಗೂ ಬರುತ್ತದೆ. ಆ ಹೊತ್ತಿನಲ್ಲಿ ಒಂದು ಕ್ಷಣ ಪೆನ್ನು ನಿಲ್ಲಿಸಿ ಕೇಳಿಕೊಳ್ಳಿ: ನಾನು ನೋಡಿದ್ದು ದೀಪವನ್ನೋ, ಮಾತು ತಲುಪಿದ್ದನ್ನೋ?

ನೋಡಿದ್ದನ್ನಷ್ಟೇ ಹೇಳುವ ಧೈರ್ಯವನ್ನೂ, ನೋಡದ್ದನ್ನು ನೋಡಿಲ್ಲ ಎನ್ನುವ ಪ್ರಾಮಾಣಿಕತೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ನನ್ನ ಮಾತಿನಲ್ಲಿ ತಪ್ಪಿದ್ದರೆ ಅದು ನನ್ನದು, ಒಳಿತಿದ್ದರೆ ಅದು ಅವನದು.